ಚಿಗವ್ವನ ಕಿಡ್ನಿ, ಕಾರಟಗಿ ಕಾಕಾನ ಫಾರ್ವರ್ಡು

ನಮ್ಮ ಮನಿ ಗ್ರೂಪಿನ್ಯಾಗ ನಿನ್ನೆ ರಾತ್ರಿ ನಡದದ್ದು ಹಂಗಾ ಹಾಕೀನಿ. ಹೆಸರು ತಗದು ಊರಷ್ಟ ಇಟ್ಟೀನಿ, ಕೈ ಮುಗಿಯೋ ಇಮೋಜಿ ಎಲ್ಲಾ ಕಿತ್ತೀನಿ. ಗಂಗಾವತಿ ಕಾಕಾಗ ಕಿಡ್ನಿ ಹಾಕ್ಸಿ ಇನ್ನೂ ವರ್ಷ ತುಂಬಿಲ್ಲ, ಕೊಟ್ಟಾಕಿ ಚಿಗವ್ವ. ಇಷ್ಟು ಗೊತ್ತಿದ್ರ ಸಾಕು.

ಕಾರಟಗಿ ಕಾಕಾ: ಎಚ್ಚರ!! ಕಿಡ್ನಿ ಕಸಿ ಆದವರಿಗೆ ವೈರಸ್ ಬರಲು ಡಾಕ್ಟರ್ ಕೊಡುವ ಮಾತ್ರೆಗಳೇ ಕಾರಣ!! 1954ರಲ್ಲಿ ಅಮೆರಿಕದಲ್ಲಿ ಇಂಥ ಒಂದೂ ಮಾತ್ರೆ ಇಲ್ಲದೆ ಕಿಡ್ನಿ ಹಾಕಿದ್ದರು. ನಿಧಾನವಾಗಿ ಮಾತ್ರೆ ಬಿಡಿ, ದಿನಾ ಅಮೃತಬಳ್ಳಿ ಕಷಾಯ ಕುಡಿಯಿರಿ. 10 ಜನರಿಗೆ ಕಳಿಸಿ ಒಂದು ಜೀವ ಉಳಿಸಿ.

ಸಿಂಧನೂರು ಅತ್ತಿ: ಅಯ್ಯ ಶಿವನ, ಹೌದೇನೋ ಇದು

ಹುಬ್ಬಳ್ಳಿ ತಂಗಿ: ಕಾಕಾ ಇದನ್ನ ಯಾರು ಬರದದ್ದು? ಯಾವ ಡಾಕ್ಟರು?

ಕಾರಟಗಿ ಕಾಕಾ: ಪೂರಾ ಓದವ್ವ ಮೊದಲ

ಹುಬ್ಬಳ್ಳಿ ತಂಗಿ: ಓದೇ ಕೇಳಾಕತ್ತೀನಿ, ಹೆಸರ ಇಲ್ಲಲ್ಲ ಅದರಾಗ

ಕಾರಟಗಿ ಕಾಕಾ: ಹೆಸರು ತಗೊಂಡು ಏನ್ ಮಾಡ್ತಿ. ಮೊನ್ನಿ ತಮ್ಮನ ರಿಪೋರ್ಟಿನ್ಯಾಗ ಬಿಕೆ ವೈರಸ್ ಅಂತ ಬಂತಿಲ್ಲ? ಡಾಕ್ಟರಾ ಮಾತ್ರಿ ಕಡಿಮಿ ಮಾಡಿದ್ರಿಲ್ಲ? ಮತ್ತ ಇದರಾಗ ಸುಳ್ಳೇನೈತಿ ಹೇಳು

(ಒಪ್ಪಬೇಕ್ರಿ, ಇದು ಗಟ್ಟಿ ಪಾಯಿಂಟು. ಗ್ರೂಪು ಒಂದು ಗಳಿಗಿ ತಣ್ಣಗಾತು. ತಂಗಿ ಟೈಪಿಂಗ್ ಟೈಪಿಂಗ್ ಅಂತ ತೋರ್ಸಾಕತ್ತಿತ್ತು.)

ಹುಬ್ಬಳ್ಳಿ ತಂಗಿ: ಕಾಕಾ ಅರ್ಧ ಖರೆ ಹೇಳಿ ಅರ್ಧ ಸುಳ್ಳು ಸೇರ್ಸ್ಯಾರ ಅದಕ ಮೋಸ ಹೋಗೋದು. ಬಿಕೆ ವೈರಸ್ಸು ಬಹುತೇಕ ಎಲ್ಲಾರಿಗೂ ಸಣ್ಣವ್ರಿದ್ದಾಗ ಬಂದು ಕಿಡ್ನ್ಯಾಗ ಸುಮ್ಮನ ಬಿದ್ದಿರತೈತಿ, ಬಂದದ್ದೂ ಗೊತ್ತಾಗಂಗಿಲ್ಲ. ಹೊಸ ಕಿಡ್ನಿನ ಮೈ ತಿರಸ್ಕರಿಸಬಾರ್ದಂತ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಸ್ಟೀರಾಯ್ಡ್ ಕೊಟ್ಟು ಇಮ್ಯೂನಿಟಿ ತಗ್ಗಸ್ತಾರ, ಅದು ತಗ್ಗಿದಾಗ ವೈರಸ್ ಎದ್ದು ಕುಂದ್ರತೈತಿ. ಜ್ವರ ಇಲ್ಲ ನೋವಿಲ್ಲ, ರಕ್ತದ ಪಿಸಿಆರ್ ಮಾಡಿದ್ರನ ತಿಳಿಯೋದು, ಬಿಟ್ರ ಹಾಕಿದ ಕಿಡ್ನಿನ ಕೆಡಿಸತೈತಿ. ಇದಕ್ಕ ಅಂತ ನಂಬಿಗಸ್ತ ಔಷಧಿ ಇನ್ನೂ ಇಲ್ಲ, ಅದಕ ಡೋಸ್ ಇಳಿಸಿ ಮೈಯಾ ಹೊಡದಾಡ್ಲಿ ಅಂತ ಬಿಡ್ತಾರ. ಎಷ್ಟು ಇಳಿಸೋದು ಅಂತ ಕಿಡ್ನಿ ಹೆಂಗ ಕೆಲಸ ಮಾಡಾಕತ್ತೈತಿ ಅಂತ ತೋರ್ಸೋ ಕ್ರಿಯಾಟಿನಿನ್, ರಕ್ತದಾಗ ಟ್ಯಾಕ್ರೋಲಿಮಸ್ ಎಷ್ಟೈತಿ ಅನ್ನೋ ಲೆವೆಲ್ ನೋಡಿ ಅವರು ಹೇಳ್ತಾರ. ಇಳಿಸೋದು ಬ್ಯಾರೆ ಬಿಡೋದು ಬ್ಯಾರೆ

ಹುಬ್ಬಳ್ಳಿ ತಂಗಿ: ಮತ್ತ 1954ದು ಬಾಸ್ಟನ್ ಆಪರೇಶನ್. ಕೊಟ್ಟವ ತಗೊಂಡವ ಇಬ್ಬರೂ ತದ್ರೂಪಿ ಅವಳಿ, ಅದಕ ಮೈ ತಿರಸ್ಕರಿಸಲಿಲ್ಲ. ನಮ್ಮ ಕಾಕಾ ಚಿಗವ್ವ ಅವಳಿ ಜವಳಿ ಏನು?

ಬಳ್ಳಾರಿ ಅಣ್ಣ: 😂😂 ಜಗಳ ಆಡೋದ್ರಾಗ ಮಾತ್ರ ಹೌದು

ಕುಷ್ಟಗಿ ದೊಡ್ಡಪ್ಪ: ಎಲ್ಲರಿಗೂ ಶುಭ ಸಂಜೆ. ಅವ ಒಳ್ಳೇದಕ್ಕ ಹಾಕ್ಯಾನ. ಹಿರಿಯರು ಒಂದು ಮಾತು ಹೇಳಿದ್ರ ಮೂಲ ಎಲ್ಲೈತಿ ಅಂತ ಕೇಳೋದು ನಮ್ಮ ಮನೆತನದಾಗ ಇದ್ದಿಲ್ಲ. ನಾ ಸಾಲಿ ಕಲಿಸಿದಾವ, ಇಂಥಾ ಹುಡುಗ್ರನ್ನ ಬಾಳ ನೋಡೀನಿ. ಎಲ್ಲಾದಕ್ಕೂ ಬಾಯಿ ಕಟ್ಟಬೇಕು. ತಮ್ಮಗ ಈಗ ಶುಗರ್ ಬಂದದ್ದೂ ಬಾಯಿ ಚಪಲಕ್ಕನ.

ಹುಬ್ಬಳ್ಳಿ ತಂಗಿ: ದೊಡ್ಡಪ್ಪ ಸ್ಟೀರಾಯ್ಡು, ಟ್ಯಾಕ್ರೋಲಿಮಸ್ಸು ಎರಡೂ ಶುಗರ್ ಏರಸ್ತಾವ್ರಿ, ಮೊದಲ ಇಲ್ಲದವರಿಗೂ ಬರತೈತಿ

ಕುಷ್ಟಗಿ ದೊಡ್ಡಪ್ಪ: ನೋಡು, ಮತ್ತ ಎದುರು ಮಾತು.

ಬಳ್ಳಾರಿ ಅಣ್ಣ: ಬಾಯಿ ಚಪಲ ಅಂದ್ರ ನೆನಪಾತು, ಹುಲಗಿ ಜಾತ್ರ್ಯಾಗ ಗಂಗಾವತಿ ಕಾಕಾ ನನ್ನ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಒಗ್ಗರಣಿ ಮಿರ್ಚಿ ಪೇಪರ್‌ನ್ಯಾಗ ಕಟ್ಟಿಸಿ ನನ್ನ ಕೈಯಾಗ ಕೊಟ್ಟಿದ್ದ, ಎಣ್ಣಿ ಸೋರಿ ಕಾಕಾನ ತಲಿ ಮ್ಯಾಲಾ ಇಳದು ಅಂಗಿ ಕಾಲರ್ ತನಕ ಹಳದಿ, ಹೊಳಿ ದಂಡ್ಯಾಗ ಅವ್ವ ಇಬ್ಬರ್ನೂ ನಿಂದ್ರಿಸಿ ಬೈದಿದ್ಲು. ಫೋಟೊ ಇತ್ತು ಅವತ್ತಿಂದು, ಯಾರ ಹತ್ರ ಐತಿ?

ಸಿಂಧನೂರು ಅತ್ತಿ: ಫೋಟೊ ನಿಮ್ಮವ್ವನ ಟ್ರಂಕಿನ್ಯಾಗ ನೋಡು

ಕಾರಟಗಿ ಕಾಕಾ: ಫೋಟೊ ಆಮ್ಯಾಲೆ. ನಾ ಹೇಳಿದ್ದು ತಪ್ಪೇನು ಅಂತ ಕೇಳಾಕತ್ತೀನಿ. ಅಮೃತಬಳ್ಳಿ ಮೈಗೆ ಶಕ್ತಿ ಕೊಡತೈತಿ ಅಂತ ಜಗತ್ತಿಗೇ ಗೊತ್ತು

ಹುಬ್ಬಳ್ಳಿ ತಂಗಿ: ಅದಾ ತಪ್ಪು ಕಾಕಾ. ಡಾಕ್ಟರು ತಗ್ಗಸಾಕತ್ತಿದ್ದನ್ನ ನೀವು ಏರಸಾಕ ಹೊಂಟೀರಿ. ಇಮ್ಯೂನಿಟಿ ತಾನಾ ಎದ್ರ ಹೊಸ ಕಿಡ್ನಿ ಮ್ಯಾಲನ ಬೀಳತೈತಿ. ಕೋವಿಡ್ ಟೈಮಿನ್ಯಾಗ ಅದನ್ನ ಕುಡದು ಲಿವರ್ ಕೆಡಿಸಿಕೊಂಡ ಕೇಸು ನಮ್ಮ ದೇಶದ ಡಾಕ್ಟರಾ ಬರದಾರ

ಕಾರಟಗಿ ಕಾಕಾ: ನಾಕಕ್ಷರ ಕಲ್ತೀರಿ ಅಂತ ಮಾತಾಡ್ರಿ. ತಮ್ಮನ ಮ್ಯಾಲೆ ನನಗ ಕಾಳಜಿ ಇಲ್ಲೇನು

ಹುಬ್ಬಳ್ಳಿ ತಂಗಿ: ಕಾಳಜಿ ಇತ್ತಂದ್ರ ಯಾರ ಕಿಡ್ನಿ ಹೊಂದತೈತಿ ಅಂತ ಟೆಸ್ಟಿಗೆ ಕರದಾಗ ಬರ್ತಿದ್ರಿ

(ಆತು. ಇಲ್ಲಿಂದ ಮುಂದ ವೈರಸ್ ಹೆಸರು ಯಾರೂ ಎತ್ತಲಿಲ್ಲ.)

ಕಾರಟಗಿ ಕಾಕಾ: ಏ ಹುಡುಗಿ. ನನಗ ಶುಗರ್ ಐತಿ, ಶುಗರ್ ಇದ್ದವರದು ಬ್ಯಾಡ ಅಂತ ಡಾಕ್ಟರಾ ಅಂದ್ರು

ಬಳ್ಳಾರಿ ಅಣ್ಣ: ಡಾಕ್ಟರು ಅಂದದ್ದು ಆಮ್ಯಾಲೆ ಕಾಕಾ, ಮೊದಲು ನೀವು ಮಿಲ್‌ನ್ಯಾಗ ಬತ್ತದ ಲೋಡ್ ಬಂದೈತಿ ಅಂದಿದ್ರಿ

ಕಾರಟಗಿ ಕಾಕಾ: ನೀ ಏನ್ ಬಂದಿದ್ದ್ಯಾ?

ಬಳ್ಳಾರಿ ಅಣ್ಣ: ನನ್ನ ಬ್ಲಡ್ ಗ್ರೂಪ್ ಹೊಂದಲಿಲ್ಲ, ರಿಪೋರ್ಟ್ ಹಾಕ್ಲೇನು?

ಕುಷ್ಟಗಿ ದೊಡ್ಡಪ್ಪ: ಮನಿ ಮಾತು ಗ್ರೂಪಿನ್ಯಾಗ ಬ್ಯಾಡ. ದಯವಿಟ್ಟು.

ಗಂಗಾವತಿ ಚಿಗವ್ವ: ಎಲ್ಲಾರೂ ಸುಮ್ಮನಿರ್ರಿ, ಇವರು ಮಲಗ್ಯಾರ, ಫೋನ್ ಟಿಣ್ ಟಿಣ್ ಅನ್ನಾಕತ್ತೈತಿ. ಸೋಮವಾರ ಮುಂಜಾನಿ ಮಾತ್ರಿ ತಗೊಳ್ಳೋದ್ರಾಗ ಲೆವೆಲ್‌ಗೆ ರಕ್ತ ಕೊಡಬೇಕು, ತಗೊಂಡ್ ಮ್ಯಾಲೆ ಕೊಟ್ರ ಲೆಕ್ಕ ತಪ್ಪತೈತಂತ. ಯಾರರ ಗಾಡಿ ತರ್ತೀರೇನು ಅಷ್ಟು ಹೇಳ್ರಿ

ಬಳ್ಳಾರಿ ಅಣ್ಣ: ನಾ ಬರ್ತೀನಿ ಚಿಗವ್ವ, ಭಾನುವಾರ ರಾತ್ರಿನ ಬಂದು ಮಲಗ್ತೀನಿ

ಹುಬ್ಬಳ್ಳಿ ತಂಗಿ: ಚಿಗವ್ವ ಕಷಾಯ ಕೊಟ್ಟಿಲ್ಲಲ್ಲ ನೀನು??

ಗಂಗಾವತಿ ಚಿಗವ್ವ: ಇಲ್ಲವ್ವ. ಭಾವ ಹೋದ ತಿಂಗಳು ಬಳ್ಳಿ ಕಳಿಸಿದ್ರು, ಕುಂಡದಾಗ ಹಚ್ಚೀನಿ, ಕುಡಿಸಿಲ್ಲ. ಸಿಂಧನೂರು ಅಕ್ಕಾರು ಫೋನ್ ಮಾಡಿ ಬ್ಯಾಡ ಅಂದಿದ್ರು

ಕಾರಟಗಿ ಕಾಕಾ: ಅಕ್ಕಾ?? ನನ್ನ ಮುಂದ ಛಲೋ ಐತಿ ಕಳಸು ಅಂದಾಕಿ ನೀನಾ ಅಲ್ಲ?

ಸಿಂಧನೂರು ಅತ್ತಿ: ಇಲ್ಲೆ ನೆಟ್‌ವರ್ಕ್ ಇಲ್ಲಪಾ, ಆಮ್ಯಾಲೆ ಮಾತಾಡ್ತೀನಿ