ಅಪ್‌ಡೇಟ್: ಸೊಸೈಟಿಗೆ ಮೆಕ್ಕೆಜೋಳದ ಬೀಜ ಕೊನೆಗೂ ಬಂತು

ರಾಣೆಬೆನ್ನೂರು ಕಡೆಯ ನಮ್ಮ ಸೊಸೈಟಿ ಕಂಪನಿಯಿಂದ ನೇರವಾಗಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ತರಿಸಿ ಸದಸ್ಯರಿಗೆ ಹಂಚೋದು ಹೇಗೆ ಅಂತ ಕೇಳಿದ್ದೆ. ಕೆಲಸ ಆಯ್ತು!

ರೈತರೇ ದುಡ್ಡು ಕೂಡಿಸಿ ಸಗಟಾಗಿ ಕೊಳ್ಳಿ ಅಂದಿದ್ದರು ಕೆಲವರು. ಅದು ನಡೆಯಲಿಲ್ಲ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಬೀಜ ಮಾರಲು ಲೈಸೆನ್ಸ್ ಬೇಕೇ ಬೇಕು, ಸಹಕಾರ ಸಂಘಕ್ಕೂ ವಿನಾಯಿತಿ ಇಲ್ಲ. ಮೊದಲು ಕಂಪನಿಯಿಂದ ಮೂಲ ಪತ್ರ (ಬೀಜ ನಾವೇ ಪೂರೈಸುತ್ತೇವೆ ಅಂತ ಕಂಪನಿ ಬರೆದುಕೊಡೋ ಪತ್ರ) ತಗೊಂಡು ಕೃಷಿ ಇಲಾಖೆಗೆ ಅರ್ಜಿ ಹಾಕಿ ಅಂದವರ ಸಲಹೆಯೇ ಫಲ ಕೊಟ್ಟಿತು. ಅವರಿಗೆ ತುಂಬಾ ಥ್ಯಾಂಕ್ಸ್.

ನನಗೆ ಆಶ್ಚರ್ಯ ಆಗಿದ್ದು ಲಾಟ್ ನಂಬರ್ ವಿಷಯ, ಅಂದರೆ ಒಂದೊಂದು ಕಂತಿನ ಬೀಜಕ್ಕೆ ಕೊಡೋ ಗುರುತಿನ ನಂಬರ್. ತಳಿ ಒಂದೇ, ಚೀಲವೂ ಒಂದೇ ಥರ. ಆದರೆ ಒದ್ದೆ ಗೋಣಿಯಲ್ಲಿ ನೂರು ನೂರು ಕಾಳು ಇಟ್ಟು ನೋಡಿದರೆ ಒಂದು ಲಾಟ್ ಚೆನ್ನಾಗಿ ಮೊಳೆಯಿತು, ಇನ್ನೊಂದು ಸೊರಗಿತ್ತು. ಹೈಬ್ರಿಡ್ ಮೆಕ್ಕೆಜೋಳಕ್ಕೆ ಕನಿಷ್ಠ ಶೇ. 90 ಮೊಳಕೆ ಇರಬೇಕು. ಸೊರಗಿದ್ದನ್ನು ಕಂಪನಿಯವರು ಬದಲಿಸಿದರು. ಹಂಚೋ ಮೊದಲೇ ಪ್ರತಿ ಲಾಟ್ ಪರೀಕ್ಷೆ ಮಾಡಿ, ದಯವಿಟ್ಟು. ಬಿತ್ತಿದ ಮೇಲೆ ಗೊತ್ತಾದರೆ ಮಳೆ ಕಾಯುತ್ತಾ?

ಉಳಿದ ಬೀಜ ಕಂಪನಿಯೇ ವಾಪಸ್ ತಗೋಬೇಕು ಅನ್ನೋದನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಹೋದ ವರ್ಷದ ಚೀಲ ಸೊಸೈಟಿ ಗೋದಾಮಿನಲ್ಲಿ ಉಳಿದರೆ ನಷ್ಟ ಸದಸ್ಯರದ್ದೇ ಅಲ್ವಾ.