ಏಕತಾರಿಯ ಮೀಟು ಸಿಂಥಸೈಜರ್‌ನಲ್ಲಿ ಬರುವುದೇ?

ಪ್ರಶ್ನೆ (ಕಲಬುರಗಿ): ಶರಣು ಸರ್. ನಮ್ಮ ಭಜನಾ ಮಂಡಳಿಯವರು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಹಾಡುತ್ತಾರೆ, ನಾನು ಕೀಬೋರ್ಡ್ ನುಡಿಸುತ್ತೇನೆ. ಹೋದ ತಿಂಗಳು ಹಳೆಯ ಅನಲಾಗ್ ಸಿಂಥಸೈಜರ್ ಕೊಂಡೆ. ಏಕತಾರಿ ಮೀಟಿದಂತಹ ದನಿ ಬೇಕು. ಆದರೆ ಫಿಲ್ಟರ್ ಎನ್ವಲಪ್‌ನ (ಕೀ ಒತ್ತಿದಾಗಿನಿಂದ ಫಿಲ್ಟರನ್ನು ತೆರೆದು ಮುಚ್ಚುವ ಭಾಗ) ಅಮೌಂಟ್ ನಾಬನ್ನು, ಅಂದರೆ ಅದರ ಪ್ರಭಾವ ಎಷ್ಟಿರಬೇಕೆಂಬ ಗುಂಡಿಯನ್ನು, ಪೂರ್ತಿ ತಿರುಗಿಸಿದರೂ ದನಿ ಬದಲಾಗುತ್ತಿಲ್ಲ. ಯಂತ್ರ ಕೆಟ್ಟಿದೆಯೇ?

ಉತ್ತರ: ಶರಣು. ರಿಪೇರಿಗೆ ಕೊಡುವ ಮೊದಲು ಕಟ್‌ಆಫ್ (ಫಿಲ್ಟರ್ ಎಲ್ಲಿಂದ ಮೇಲೆ ತಡೆಯಬೇಕೆಂದು ಹೇಳುವ ನಾಬ್) ನೋಡಿ, ಅದು ಬಹುಶಃ ಬಲತುದಿಯಲ್ಲಿದೆ. ಲೋ ಪಾಸ್ ಫಿಲ್ಟರ್, ಅಂದರೆ ದನಿಯ ಕೆಳಗಿನ ಅಂಶಗಳನ್ನು ಒಳಬಿಟ್ಟು ಮೇಲಿನವನ್ನು ತಡೆಯುವ ಭಾಗ, ಊರ ಅಗಸಿಯಿದ್ದಂತೆ. ಕಟ್‌ಆಫ್ ಅದನ್ನು ಎಲ್ಲಿಗೆ ನಿಲ್ಲಿಸುತ್ತದೋ ಅಲ್ಲಿಂದ ಮುಂದೆ ತೆರೆಯುವುದು ಎನ್ವಲಪ್‌ನ ಕೆಲಸ. ಬಾಗಿಲು ಮೊದಲೇ ಹಾರುಹೊಡೆದು ನಿಂತಿದ್ದರೆ ಇನ್ನೆಷ್ಟು ತೆರೆದೀತು? ಕಟ್‌ಆಫನ್ನು ಕಾಲುಭಾಗಕ್ಕೆ ಇಳಿಸಿ, ಅಮೌಂಟನ್ನು ಅರ್ಧಕ್ಕೆ ಏರಿಸಿ.

ಏಕತಾರಿಯನ್ನೇ ಕಿವಿಗೊಟ್ಟು ಕೇಳಿ. ಬೆರಳು ತಗಲಿದ ಕ್ಷಣ ತಂತಿ ಝಣ್ ಎನ್ನುತ್ತದೆ, ಮರುಕ್ಷಣವೇ ಮೆತ್ತಗಾಗುತ್ತದೆ. ಮೀಟಿದ ತಂತಿಯಲ್ಲಿ ಮೂಲ ಸ್ವರದ ಜೊತೆ ಬೆರೆತ ಎತ್ತರದ ಕಂಪನಗಳಿರುತ್ತವೆ, ಅವೇ ಹಾರ್ಮೋನಿಕ್‌ಗಳು; ಅವುಗಳಲ್ಲಿ ಮೇಲಿನವು ಬೇಗ ಅಡಗುತ್ತವೆ, ಕೆಳಗಿನವು ಉಳಿಯುತ್ತವೆ. ಫಿಲ್ಟರ್ ಎನ್ವಲಪ್ ಮಾಡಬೇಕಾದದ್ದೂ ಇದನ್ನೇ. ಅಟ್ಯಾಕ್ (ಏರುವ ಸಮಯ) ಸೊನ್ನೆ, ಡಿಕೇ (ಏರಿದ ಮೇಲೆ ಇಳಿಯುವ ಸಮಯ) ಸುಮಾರು 300 ಮಿಲಿಸೆಕೆಂಡ್, ಸಸ್ಟೇನ್ ಸೊನ್ನೆಯ ಹತ್ತಿರ. ಸಸ್ಟೇನ್ ಎಂಬುದು ಸಮಯವಲ್ಲ, ಕೀ ಒತ್ತಿರುವವರೆಗೆ ನಿಲ್ಲುವ ಮಟ್ಟ. ಇಲ್ಲಿ ಬಹಳ ಜನ ಎಡವುತ್ತಾರೆ. ದನಿ ಹುಟ್ಟಿಸುವ ಆಸಿಲೇಟರ್‌ನಲ್ಲಿ ಹಾರ್ಮೋನಿಕ್‌ಗಳು ತುಂಬಿದ ಸಾಟೂತ್ ಅಲೆ ಇರಲಿ. ಸೈನ್ ಅಲೆಯಲ್ಲಿ ಹಾರ್ಮೋನಿಕ್‌ಗಳೇ ಇಲ್ಲ, ಫಿಲ್ಟರ್ ಯಾವುದನ್ನು ಕೆತ್ತಬೇಕು?

ಪ್ರಶ್ನೆ (ಕಲಬುರಗಿ): ಕಟ್‌ಆಫ್ ನಿಜಕ್ಕೂ ಬಲತುದಿಯಲ್ಲಿತ್ತು ಸರ್! ಈಗ ಮೀಟು ಬಂದಿದೆ. ಆದರೆ ಕೀ ಬಿಟ್ಟೊಡನೆ ದನಿ ಕತ್ತರಿಸಿದಂತೆ ನಿಲ್ಲುತ್ತದೆ. ಫಿಲ್ಟರ್‌ನ ರಿಲೀಸ್ (ಕೀ ಬಿಟ್ಟ ಮೇಲೆ ಆರುವ ಸಮಯ) ಹೆಚ್ಚಿಸಿದರೂ ಅಷ್ಟೇ.

ಉತ್ತರ: ದನಿಯ ಗಟ್ಟಿತನಕ್ಕೆ ಬೇರೆಯೇ ಎನ್ವಲಪ್ ಇದೆ. 1970ರ ಮಿನಿಮೂಗ್ ಸಿಂಥಸೈಜರ್‌ನಲ್ಲೇ ಫಿಲ್ಟರ್‌ಗೊಂದು, ಗಟ್ಟಿತನಕ್ಕೊಂದು ಎಂದು ಎರಡಿದ್ದವು. ಗಟ್ಟಿತನದ ರಿಲೀಸ್ ಸೊನ್ನೆಯಿದ್ದರೆ, ಆಮೇಲೆ ಫಿಲ್ಟರ್ ಏನು ಮಾಡಿದರೂ ಕೇಳಿಸದು. ಅದನ್ನು ಮೊದಲು ಅರ್ಧ ಸೆಕೆಂಡಿಗೆ ಏರಿಸಿ. ಅದರ ಡಿಕೇಯನ್ನೂ ಒಂದೂವರೆ ಸೆಕೆಂಡಿನಷ್ಟು ಉದ್ದವಾಗಿಡಿ. ಹೊಳಪು ಮೊದಲು ಆರಬೇಕು, ದನಿ ಆಮೇಲೆ.

ಪ್ರಶ್ನೆ (ಬೀದರ್): ಅಣ್ಣಾ, ನನ್ನದು ತಿರುವುಮುರುವು. ಹಾಡಿನ ಹಿಂದೆ ನಿಧಾನವಾಗಿ ಅರಳುವ ಪ್ಯಾಡ್ (ಹಿನ್ನೆಲೆಯ ಉದ್ದನೆಯ ದನಿ) ಬೇಕೆಂದು ಫಿಲ್ಟರ್‌ನ ಅಟ್ಯಾಕ್ 2 ಸೆಕೆಂಡ್ ಇಟ್ಟಿದ್ದೇನೆ. ಮನೆಯಲ್ಲಿ ಚೆನ್ನಾಗಿರುತ್ತದೆ, ಕಾರ್ಯಕ್ರಮದಲ್ಲಿ ಮಂಕಾಗುತ್ತದೆ.

ಉತ್ತರ: ತಂಗೀ, ಮನೆಯಲ್ಲಿ ಸ್ವರವನ್ನು ಉದ್ದಕ್ಕೆ ಹಿಡಿದಿರುತ್ತೀರಿ. ಹಾಡಿನ ಗತಿ ನಿಮಿಷಕ್ಕೆ 120 ಬೀಟ್ ಎಂದರೆ ಒಂದು ಬೀಟ್ ಅರ್ಧ ಸೆಕೆಂಡ್. 2 ಸೆಕೆಂಡಿನ ಅಟ್ಯಾಕ್ ಮುಗಿಯಲು ನಾಲ್ಕು ಬೀಟ್ ಬೇಕು. ನೀವು ಎರಡಕ್ಕೇ ಸ್ವರಮೇಳ ಬದಲಿಸಿದರೆ ಫಿಲ್ಟರ್ ಪೂರ್ತಿ ತೆರೆದಿರುವುದಿಲ್ಲ. 60,000ವನ್ನು ಹಾಡಿನ ಗತಿಯಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. ಸ್ವರ ಎಷ್ಟು ಬೀಟ್ ನಿಲ್ಲುತ್ತದೆಯೋ ಅದಕ್ಕಿಂತ ಅಟ್ಯಾಕ್ ಕಡಿಮೆ ಇರಲಿ. ಸಸ್ಟೇನ್ ಮಾತ್ರ ಎತ್ತರದಲ್ಲೇ ಇಡಿ, ಇಲ್ಲದಿದ್ದರೆ ಅರಳಿದ್ದು ಅಲ್ಲೇ ಮುದುಡುತ್ತದೆ.