ಸೌಜನ್ಯವನ್ನು ಮಕ್ಕಳಿಗೆ ಹೇಳಿಕೊಡಬೇಕೋ, ನಡೆದು ತೋರಿಸಬೇಕೋ?

ಎರಡು ಮಕ್ಕಳ ತಾಯಿ:
ಮೊನ್ನೆ ನನ್ನ ನಾಲ್ಕು ವರ್ಷದ ಮಗಳು ಆಟದ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು. ನಾನು ಊಟಕ್ಕೆ ಕರೆದಾಗ ತಲೆಯೆತ್ತದೆ, ಅಂಗೈಯನ್ನು ನನ್ನ ಕಡೆ ಚಾಚಿ, ಗಾಳಿಯಲ್ಲಿ ಎರಡು ಸಲ ತಳ್ಳಿದಳು. ಅದು ನನ್ನದೇ ಕೈ. ನಾನು ಕರೆಯಲ್ಲಿರುವಾಗ ಅವಳು ಹತ್ತಿರ ಬಂದರೆ ಹೀಗೆಯೇ ಅಟ್ಟುತ್ತೇನೆ. ಯಾರಾದರೂ ಮಾತನಾಡಿಸಿದರೆ ಮುಖ ನೋಡಿ ಉತ್ತರಿಸಬೇಕೆಂದು ಅವಳಿಗೆ ನೂರು ಸಲ ಹೇಳಿದ್ದೇನೆ. ಹೇಳಿದ್ದು ಉಳಿಯಲಿಲ್ಲ, ಮಾಡಿದ್ದು ಉಳಿಯಿತು. ಮಕ್ಕಳೊಂದಿಗೆ ನಾವೇ ಮರ್ಯಾದೆಯಿಂದ ನಡೆದುಕೊಳ್ಳದೆ ಅವರಿಂದ ಮರ್ಯಾದೆ ಬಯಸುವುದು ಅನ್ಯಾಯ.

ನಿವೃತ್ತ ಮೇಷ್ಟ್ರು:
"ಹೇಳಿದ್ದು ಉಳಿಯಲಿಲ್ಲ" ಎಂಬ ಮಾತನ್ನು ನಾನು ಒಪ್ಪಲಾರೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಅತ್ಯಂತ ಸೌಮ್ಯ ಸ್ವಭಾವದ ತಂದೆತಾಯಿಯರ ಮಕ್ಕಳು ಸಾಲಿನಲ್ಲಿ ನಿಂತವರನ್ನು ತಳ್ಳಿ ಮುಂದೆ ನುಗ್ಗಿದ್ದನ್ನೂ, ಅದು ತಪ್ಪೆಂದು ದಿನವೂ ಹೇಳಿದ ಮೇಲೆ ತಿದ್ದಿಕೊಂಡಿದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ನಿತ್ಯ ಓದುಗ:
ಕಣ್ಣಾರೆ ಕಂಡದ್ದೇ ಪುರಾವೆಯಾಗುವುದಾದರೆ, ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಸಂಗಡಿಗರು 1961ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಅದರಲ್ಲಿದ್ದ 72 ಪುಟ್ಟ ಮಕ್ಕಳ ಪೈಕಿ, ವಯಸ್ಕರೊಬ್ಬರು ಗಾಳಿ ತುಂಬಿದ ಗೊಂಬೆಯನ್ನು ಹೊಡೆದು ಒದೆಯುವುದನ್ನು ಕಂಡವರು ಆಮೇಲೆ ಅದೇ ಏಟು, ಅದೇ ಬೈಗುಳಗಳನ್ನು ತಾವೂ ಬಳಸಿದರು. ಅವರಿಗೆ ಯಾರೂ ಬಾಯಿಬಿಟ್ಟು ಏನನ್ನೂ ಕಲಿಸಿರಲಿಲ್ಲ.

ನಿವೃತ್ತ ಮೇಷ್ಟ್ರು:
ಗೊಂಬೆ! ಬಿದ್ದರೂ ಮತ್ತೆ ಎದ್ದು ನಿಲ್ಲುವ ಆ ಗೊಂಬೆ ಇರುವುದೇ ಹೊಡೆಯುವುದಕ್ಕೆ. ಅದನ್ನು ಹೊಡೆದ ಮಗು ಆಟವಾಡಿತು, ಅಷ್ಟೇ. ಮೇಲಾಗಿ ಹೊಡೆದು ತೋರಿಸಿದವರು ಆ ಮಕ್ಕಳ ತಂದೆತಾಯಿಯರಲ್ಲ. ಇದರಿಂದ ಮನೆಯ ಸೌಜನ್ಯದ ಬಗ್ಗೆ ತೀರ್ಮಾನಕ್ಕೆ ಬರುವುದು ಹೇಗೆ?

ನಿತ್ಯ ಓದುಗ:
ಆಟವೇ ಆಗಿದ್ದರೆ, ಅದೇ ಪ್ರಯೋಗದಲ್ಲಿ ಶಾಂತವಾಗಿ ಆಡಿದ ವಯಸ್ಕರನ್ನು ನೋಡಿದ ಮಕ್ಕಳೂ ಅಷ್ಟೇ ಹೊಡೆಯಬೇಕಿತ್ತಲ್ಲವೇ? ಅವರು ಹಾಗೆ ಮಾಡಲಿಲ್ಲ. ಬಂಡೂರಾ ಅವರ 1965ರ ಪ್ರಯೋಗವನ್ನೂ ಗಮನಿಸಿ. ಹೊಡೆದ ವ್ಯಕ್ತಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಅವರೂ ಉಳಿದವರಷ್ಟೇ ಮಾಡಿ ತೋರಿಸಿದರು. ಹೊರಗೆ ಕಾಣದಿದ್ದರೂ ಒಳಗೆ ಎಲ್ಲವೂ ದಾಖಲಾಗಿತ್ತು.

ನಿವೃತ್ತ ಮೇಷ್ಟ್ರು:
ಬಹುಮಾನ ಎಂದಿರಿ, ಶಿಕ್ಷೆ ಎಂದಿರಿ. ನಾನೂ ಅದನ್ನೇ ಹೇಳುತ್ತಿರುವುದು. ಮಗು ಏನು ಮಾಡುತ್ತದೆ ಎಂಬುದನ್ನು ತಿದ್ದುವಿಕೆ ಮತ್ತು ಮೆಚ್ಚುಗೆ ನಿರ್ಧರಿಸುತ್ತವೆಯೇ ಹೊರತು ಬರೀ ನೋಟವಲ್ಲ. ನೀವು ಕೊಟ್ಟ ಪುರಾವೆ ನನ್ನ ಪರವಾಗಿದೆ.

ಒಬ್ಬ ಅಪ್ಪ:
ಬಹುಮಾನದ ಬಗ್ಗೆ ಒಂದು ಮಾತು. ಮನಶ್ಶಾಸ್ತ್ರಜ್ಞರಾದ ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ ತೋರಿಸಿದಂತೆ, ಸಹಾಯ ಮಾಡಿದ್ದಕ್ಕೆ ವಸ್ತುವಿನ ರೂಪದಲ್ಲಿ ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ, ಏನನ್ನೂ ಪಡೆಯದವರಿಗಿಂತ ಕಡಿಮೆ ಸಹಾಯ ಮಾಡಿದರು. ಅವರದೇ 2006ರ ಅಧ್ಯಯನದಲ್ಲಿ, ದೊಡ್ಡವರ ಕೈಯಿಂದ ಜಾರಿ ಬಿದ್ದ ವಸ್ತುವನ್ನು 18 ತಿಂಗಳ ಮಕ್ಕಳು ಯಾರೂ ಹೇಳದೆಯೇ ಎತ್ತಿಕೊಟ್ಟಿದ್ದರು.

ನಿವೃತ್ತ ಮೇಷ್ಟ್ರು:
"ಯಾರೂ ಹೇಳದೆಯೇ" ಎಂದಾದರೆ ಯಾರೂ ತೋರಿಸದೆಯೇ ಎಂದೂ ಆಯಿತು. ಹಾಗಿದ್ದ ಮೇಲೆ ತಾಯಿಯವರ ವಾದಕ್ಕೆ ಆಧಾರವೆಲ್ಲಿದೆ? ಒಬ್ಬರು ಅನುಕರಣೆ ಎನ್ನುತ್ತೀರಿ, ಇನ್ನೊಬ್ಬರು ಹುಟ್ಟುಗುಣ ಎನ್ನುತ್ತೀರಿ. ಮೊದಲು ನೀವಿಬ್ಬರೂ ಒಂದು ನಿರ್ಧಾರಕ್ಕೆ ಬನ್ನಿ.

ನಿತ್ಯ ಓದುಗ:
ಮೇಷ್ಟ್ರೇ, ನೀವು ಉದ್ದೇಶಪೂರ್ವಕವಾಗಿ ಮಾತು ತಿರುಚುತ್ತಿದ್ದೀರಿ. ಶಾಂತ ವಯಸ್ಕರನ್ನು ನೋಡಿದ ಮಕ್ಕಳ ಬಗ್ಗೆ ನಾನು ಕೇಳಿದ ಪ್ರಶ್ನೆಗೆ ಒಂದಕ್ಷರದ ಉತ್ತರವಿಲ್ಲ. ಸೌಜನ್ಯದ ಚರ್ಚೆಯಲ್ಲಿ ಎದುರಿನವರ ಮಾತನ್ನು ಪೂರ್ತಿ ಓದುವಷ್ಟು ಸೌಜನ್ಯವಾದರೂ ಬೇಡವೇ?

ಎರಡು ಮಕ್ಕಳ ತಾಯಿ:
ದಯವಿಟ್ಟು ಗೊಂಬೆಯನ್ನು ಬಿಟ್ಟು ಮಗುವಿನ ಕಡೆ ನೋಡೋಣ. ಆ ಸಂಜೆ ನಾನು ಮಗಳ ಎದುರು ಕೂತು, ಕೈಯಿಂದ ಅಟ್ಟಿದ್ದು ನನ್ನ ತಪ್ಪೆಂದು ಕ್ಷಮೆ ಕೇಳಿದೆ. ಈಗ ಕರೆ ಬಂದಾಗ ಅವಳ ಭುಜದ ಮೇಲೆ ಕೈಯಿಟ್ಟು "ಎರಡು ನಿಮಿಷ ಕಾಯುತ್ತೀಯಾ?" ಎನ್ನುತ್ತೇನೆ, ಎರಡು ನಿಮಿಷವೆಂದರೆ ಎರಡೇ ನಿಮಿಷ. ನಿನ್ನೆ ಅವಳು ತಮ್ಮನ ಭುಜ ಹಿಡಿದು ಅದೇ ಮಾತನ್ನು ಹೇಳಿದಳು.

ನಿವೃತ್ತ ಮೇಷ್ಟ್ರು:
ನಾಲ್ಕು ವರ್ಷದ ಮಗುವಿನ ಕ್ಷಮೆ ಕೇಳುವುದು ನನಗೆ ಸರಿಕಾಣುವುದಿಲ್ಲ. ಹಿರಿಯರು ಮೇಲಿಂದ ಮೇಲೆ ತಪ್ಪೊಪ್ಪಿಕೊಳ್ಳುತ್ತಿದ್ದರೆ ಅವರ ಮಾತಿಗೆ ತೂಕ ಉಳಿಯದು.

ಎರಡು ಮಕ್ಕಳ ತಾಯಿ:
ನಾನು ಮೇಲಿಂದ ಮೇಲೆ ಎಂದಿಲ್ಲ. ಒಮ್ಮೆ ಕೇಳಿದೆ, ನಿಜವಾಗಿ ತಪ್ಪಾಗಿದ್ದರಿಂದ ಕೇಳಿದೆ. ನಿಮ್ಮ ಮೂವತ್ತು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯನ್ನಾದರೂ ತಪ್ಪಾಗಿ ಗದರಿಸಿದ್ದು ನೆನಪಿದೆಯೇ? ಆಗ ಏನು ಮಾಡಿದಿರಿ?

ನಿವೃತ್ತ ಮೇಷ್ಟ್ರು:
ನೆನಪಿದೆ. ಮರುದಿನ ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳಿಕೊಟ್ಟೆ; ಅವನಿಗೆ ಅರ್ಥವಾಯಿತು. ಅದು ಬೇರೆ ವಿಷಯ. ಆ ಗೊಂಬೆ ಹೊಡೆಯುವುದಕ್ಕೇ ಮಾಡಿದ್ದು ಎಂಬ ನನ್ನ ಆಕ್ಷೇಪಕ್ಕೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ.